ಎರಡು ದಡದ ಡಾಟಿ

ಕೊರಲಿ ಮತ್ತು ನೆವಿಲ್ ಬೇರೆಯಾದಾಗ ಮೀನು ಹಿಡಿಯುವ ದೋಣಿ ಅವನ ಪಾಲಿಗೆ ಹೋಯಿತು, ಹೊಲಿಗೆ ಯಂತ್ರವೂ ಪಿಂಗಾಣಿ ಸಾಮಾನೂ ಇವಳ ಪಾಲಿಗೆ ಬಂದವು. ಇಪ್ಪತ್ತಾರು ವರ್ಷ ಒಟ್ಟಿಗೆ ಬಾಳಿದ ಮನೆಯನ್ನು ಅಡಿಲೇಡಿನ ಯಾರೋ ವಾರಾಂತ್ಯ ಕಳೆಯುವುದಕ್ಕೆಂದು ಕೊಂಡರು. ಪಾಲು ಮಾಡಲಾಗದೆ ಉಳಿದದ್ದು ಡಾಟಿ ಒಂದೇ.

ಡಾಟಿಗೆ ಆಗ ಎರಡು ವರ್ಷ. ದನ ಅಟ್ಟುವ ಜಾತಿಯ ಹೆಣ್ಣು ನಾಯಿ. ಬೂದಿ ಬಳಿದಂಥ ನೀಲಿ ಮೈ, ಅದರ ತುಂಬ ಚುಕ್ಕಿ, ಒಂದು ಕಣ್ಣಿನ ಸುತ್ತ ಮಾತ್ರ ಮಸಿ ಮೆತ್ತಿದ ಹಾಗೆ ಕಪ್ಪು. ಅಟ್ಟಲು ದನಗಳಿಲ್ಲದ್ದರಿಂದ ಪೆಲಿಕನ್ ಹಕ್ಕಿಗಳನ್ನೂ ಅಂಚೆಯವನ ಮೋಟಾರ್ ಬೈಕನ್ನೂ ಒಮ್ಮೊಮ್ಮೆ ನೆವಿಲ್‌ನನ್ನೂ ಅಟ್ಟಿಕೊಂಡು ಕಾಲ ಕಳೆಯುತ್ತಿತ್ತು. ಅದನ್ನು ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ಕೊನೆಗೆ ಒಂದು ವಾರ ಅವನಲ್ಲಿ, ಒಂದು ವಾರ ಇವಳಲ್ಲಿ ಎಂದು ಮಾತಾಯಿತು.

ನೆವಿಲ್ ಮರ್ರೆ ನದಿಯ ಪಶ್ಚಿಮ ದಡದಲ್ಲೇ ಒಂದು ಸಣ್ಣ ಮನೆ ಹಿಡಿದು, ಜನರ ದೋಣಿ ಎಂಜಿನ್‌ಗಳನ್ನು ರಿಪೇರಿ ಮಾಡಿಕೊಂಡು ಉಳಿದ. ಕೊರಲಿ ಪೂರ್ವ ದಡಕ್ಕೆ ಹೋದಳು. ಅಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ದೋಣಿಮನೆಗಳನ್ನು ತೊಳೆದು, ಹಾಸಿಗೆ ಬದಲಿಸಿ, ಮುಂದಿನವರಿಗೆ ಅಣಿ ಮಾಡುವುದು ಅವಳ ಕೆಲಸ. ಎರಡು ಮನೆಗಳ ನಡುವೆ ಇದ್ದದ್ದು ನದಿ ಮಾತ್ರ. ಉಕ್ಕಿನ ಹಗ್ಗ ಹಿಡಿದು ಆಚೆ ಈಚೆ ಓಡಾಡುವ ಫೆರಿಯಲ್ಲಿ ದಾಟುವುದಕ್ಕೆ ಐದು ನಿಮಿಷ ಸಾಕು.

ಮೊದಮೊದಲು ಅವರಿಗೆ ಒಬ್ಬರ ಮುಖ ಒಬ್ಬರಿಗೆ ಬೇಡವಾಗಿತ್ತು. ಭಾನುವಾರ ನಾಲ್ಕಕ್ಕೆ ಒಬ್ಬರು ಈ ದಡದಲ್ಲಿ ಡಾಟಿಯನ್ನು ಫೆರಿಯ ಕಂಬಿಗೆ ಕಟ್ಟಿ ಹಿಂತಿರುಗುತ್ತಿದ್ದರು, ಇನ್ನೊಬ್ಬರು ಆ ದಡದಲ್ಲಿ ಬಿಚ್ಚಿಕೊಂಡು ಹೋಗುತ್ತಿದ್ದರು. ಎರಡನೆಯ ವರ್ಷಕ್ಕೆ ಹಗ್ಗವೂ ಬೇಕಾಗಲಿಲ್ಲ. ಡಾಟಿ ತಾನೇ ಬಂದು ಹತ್ತುತ್ತಿತ್ತು, ತಾನೇ ಇಳಿದು ಮನೆಯ ದಾರಿ ಹಿಡಿಯುತ್ತಿತ್ತು. ಫೆರಿ ನಡೆಸುವ ಸ್ಟಾವ್ ತನ್ನ ಕೋಣೆಯ ಬಾಗಿಲಲ್ಲಿ ಅದಕ್ಕಾಗಿ ಒಂದು ನೀರಿನ ಬೋಗುಣಿ ಇಟ್ಟಿದ್ದ. ಸ್ಟಾವ್‌ನ ಅಪ್ಪ ಗ್ರೀಸಿನಿಂದ ಬಂದು ಈ ನದಿಯ ದಡದಲ್ಲಿ ಕಿತ್ತಳೆ ಬೆಳೆದವನು. ಮಗನಿಗೆ ಮಾತ್ರ ತೋಟ ಹಿಡಿಸಲಿಲ್ಲ, ನೀರು ಹಿಡಿಸಿತು.

"ಈ ಹೊಳೇನ ನಾನು ಸಂಬಳಕ್ಕೆ ದಾಟ್ತೀನಿ. ಇವಳು ಗಂಡ ಹೆಂಡತಿ ನ್ಯಾಯ ತೀರಿಸೋದಕ್ಕೆ ದಾಟ್ತಾಳೆ," ಎಂದು ಅವನು ಕಾರಿನವರಿಗೆ ಡಾಟಿಯನ್ನು ತೋರಿಸಿ ಹೇಳುತ್ತಿದ್ದ.

ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದದ್ದು ಡಾಟಿಯ ಕೊರಳಪಟ್ಟಿಗೆ ಸಿಕ್ಕಿಸಿದ ಚೀಟಿಗಳಲ್ಲಿ. 'ಹುಳದ ಮಾತ್ರೆ ಕೊಟ್ಟಿದ್ದೇನೆ.' 'ಎಡಗಾಲಲ್ಲಿ ಮುಳ್ಳಿತ್ತು, ತೆಗೆದಿದ್ದೇನೆ.' 'ಯಾರದೋ ಕೋಳಿ ಹಿಡಿದಳು, ನಾನೇ ಹೋಗಿ ಕ್ಷಮೆ ಕೇಳಿ ಬಂದೆ.' ಹೀಗೇ ಒಂಬತ್ತು ವರ್ಷ ನಡೆಯಿತು.

ಮಾರ್ಚ್ ಕೊನೆಯ ವಾರ ಕೊರಲಿ ಒಂದು ದೋಣಿಮನೆಯ ಮೇಲಟ್ಟ ತೊಳೆಯುತ್ತಿದ್ದಳು. ಕೆಳಗೆ ಮರದ ಕಟ್ಟೆಯ ಮೇಲೆ ಹಕ್ಕಿಗಳನ್ನು ನೋಡುತ್ತ ನಿಂತಿದ್ದ ಡಾಟಿ ಇದ್ದಕ್ಕಿದ್ದ ಹಾಗೆ ಕೂತಿತು, ಆಮೇಲೆ ಪಕ್ಕಕ್ಕೆ ವಾಲಿ ಮಲಗಿತು. ಬಿಸಿಲು ಕಾಯಿಸುತ್ತಿದೆ ಎಂದುಕೊಂಡಳು. ಬಕೆಟ್ಟಿನ ನೀರು ಚೆಲ್ಲಿ ತಿರುಗಿದಾಗಲೂ ಅದು ಹಾಗೇ ಇತ್ತು. ಇಳಿದು ಬಂದು ತುಟಿ ಎತ್ತಿ ನೋಡಿದರೆ ಒಸಡು ಕಾಗದದ ಹಾಗೆ ಬಿಳಿಚಿತ್ತು.

ನಲವತ್ತು ಕಿಲೋಮೀಟರ್ ದೂರದ ಪೇಟೆಯಲ್ಲಿ ಪಶುವೈದ್ಯೆ ಇದ್ದಳು, ಡಾಕ್ಟರ್ ತ್ರಾನ್ ಎಂದು. ವಿಯೆಟ್ನಾಮಿನ ಕಡೆಯ ಕುಟುಂಬದ, ಸಣ್ಣ ದನಿಯ ಹೆಣ್ಣುಮಗಳು. ಅವಳು ಡಾಟಿಯ ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಮಾಡಬೇಕು ಎಂದಳು. ಕೊರಲಿ ಹೊರಗೆ ಬಂದು ನೆವಿಲ್‌ಗೆ ಫೋನ್ ಮಾಡಿದಳು. ಅವನ ನಂಬರ್ ಇನ್ನೂ ನೆನಪಿದೆಯಲ್ಲ ಎಂದು ಅವಳಿಗೇ ಸೋಜಿಗವಾಯಿತು.

ಒಂದು ಗಂಟೆಯಲ್ಲಿ ಅವನು ಬಂದ. ಕೈಯ ಗ್ರೀಸನ್ನೂ ತೊಳೆದಿರಲಿಲ್ಲ. ಇಬ್ಬರೂ ನಡುವೆ ಒಂದು ಕುರ್ಚಿ ಬಿಟ್ಟು ಕೂತರು. ಅವನ ಕೂದಲು ಇಷ್ಟು ಬೆಳ್ಳಗಾಗಿದ್ದನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಹೊಟ್ಟೆಯೊಳಗೆ, ಸ್ಪ್ಲೀನಲ್ಲಿ ಗಡ್ಡೆ ಇದೆ," ಎಂದಳು ಡಾಕ್ಟರ್ ತ್ರಾನ್. "ಅದು ಒಡೆದು ರಕ್ತ ಒಳಗೇ ಸೋರಿದೆ. ಲಿವರಲ್ಲೂ ಕಾಣ್ತಿದೆ."

"ಆಪರೇಷನ್ ಮಾಡಿದ್ರೆ?" ನೆವಿಲ್ ಕೇಳಿದ.

"ಮಾಡಬಹುದು. ಆದ್ರೆ ಇಷ್ಟು ಹರಡಿರೋದ್ರಿಂದ ಮಾಡಿದ್ರೂ ಎರಡು ಮೂರು ತಿಂಗಳು ಅಷ್ಟೇ. ಅದ್ರಲ್ಲಿ ಒಂದು ತಿಂಗಳು ಗಾಯ ಮಾಯೋದಕ್ಕೇ ಹೋಗತ್ತೆ."

"ಮಾಡದೇ ಇದ್ರೆ?" ಇದನ್ನು ಕೇಳಿದವಳು ಕೊರಲಿ.

"ಕೆಲವು ವಾರ. ರಕ್ತ ಸೋರೋದು ಈ ಸಲದ ಹಾಗೆ ತಾನಾಗೇ ನಿಲ್ಲಬಹುದು. ಮತ್ತೆ ಶುರುವಾಗಬಹುದು. ಒಂದು ದಿನ ನಿಲ್ಲಲ್ಲ. ಆ ದಿನ ನನಗೆ ಫೋನ್ ಮಾಡಿ, ಎಲ್ಲಿದ್ರೂ ಬಂದು, ಸೂಜಿ ಕೊಟ್ಟು ನೋವಿಲ್ಲದೆ ಕಳಿಸಿಕೊಡ್ತೀನಿ."

ಡಾಟಿ ಆಗಲೇ ಎದ್ದು ಕೂತು ಡಾಕ್ಟರ ಜೇಬು ಮೂಸುತ್ತಿತ್ತು.

ಹೊರಗೆ ಕಾರಿನ ಹತ್ತಿರ ಕೊರಲಿ ಹೇಳಿದಳು, "ಕೊಯ್ಯೋದು ಬೇಡ ನೆವಿಲ್."

ಅವನು ಕೈಯಲ್ಲಿದ್ದ ಕೀಲಿಯನ್ನು ತಿರುಗಿಸುತ್ತ ನಿಂತ. "ನೀನು ಯಾವಾಗ್ಲೂ ಬೇಗ ತೀರ್ಮಾನ ಮಾಡಿಬಿಡ್ತೀಯ."

"ನೀನು ಯಾವಾಗ್ಲೂ ಮಾಡೋದೇ ಇಲ್ಲ."

ಡಾಟಿ ಇಬ್ಬರ ಕಾಲ ನಡುವೆ ಬಂದು ಕೂತಿತು. "ಆಯ್ತು. ಬೇಡ," ಎಂದ ಕೊನೆಗೆ.

"ಒಂದು ಮಾತು. ಮತ್ತೆ ಹೀಗೆ ಬಿದ್ರೆ, ಯಾರ ಮನೇಲಿದ್ರೂ ಸರಿ, ಇನ್ನೊಬ್ಬರಿಗೆ ಆ ಕ್ಷಣವೇ ಹೇಳಬೇಕು."

"ಹೇಳ್ತೀನಿ."

"ಆ ಕ್ಷಣವೇ ಅಂದೆ."

ಅವನು ತಲೆ ತಗ್ಗಿಸಿದ. ಅವಳು ಯಾಕೆ ಎರಡು ಸಲ ಹೇಳಿದಳೆಂದು ಅವನಿಗೆ ಗೊತ್ತಿತ್ತು.

ಹತ್ತು ವರ್ಷದ ಹಿಂದೆ ಕೊರಲಿಯ ತಾಯಿ ಆಸ್ಪತ್ರೆಯಲ್ಲಿದ್ದಳು. ಒಂದು ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿಂದ ಮನೆಗೆ ಫೋನ್ ಬಂತು, ಕೂಡಲೇ ಬನ್ನಿ ಎಂದು. ಕೊರಲಿ ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗಿದ್ದಳು, ಆದರೆ ಕೆಲಸದ ಜಾಗ ಮನೆಯಿಂದ ಹತ್ತು ನಿಮಿಷದ ನಡಿಗೆ. ನೆವಿಲ್ ಹೋಗಿ ಹೇಳಲಿಲ್ಲ. ಶೆಡ್ಡಿಗೆ ಹೋಗಿ ಒಂದು ಎಂಜಿನ್ ಬಿಚ್ಚಿದ. ಅವಳು ಆರೂವರೆಗೆ ಮನೆಗೆ ಬಂದು ಕೈ ತೊಳೆದು ಟೀಗೆ ನೀರಿಟ್ಟ ಮೇಲೆ ಹೇಳಿದ. ತಾಯಿ ಐದು ಗಂಟೆಗೇ ತೀರಿಕೊಂಡಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ನಿನಗೆ ಸಂಕಟವಾಗುತ್ತದಲ್ಲ ಅಂತ, ಎಂದ. ಅವಳು ಮುಂದಿನ ವರ್ಷ ಮನೆ ಬಿಟ್ಟಳು. ನೋಡಿದವರು ಇದಕ್ಕೂ ಅದಕ್ಕೂ ಏನು ಸಂಬಂಧ ಎನ್ನುತ್ತಿದ್ದರು. ಅವಳು ಯಾರಿಗೂ ಬಿಡಿಸಿ ಹೇಳಲು ಹೋಗಲಿಲ್ಲ.

ಏಪ್ರಿಲ್ ಪೂರ್ತಿ ಡಾಟಿ ಚೆನ್ನಾಗಿತ್ತು. ಮೊದಲಿನಷ್ಟು ಓಡುತ್ತಿರಲಿಲ್ಲ, ಆದರೆ ತಿನ್ನುತ್ತಿತ್ತು, ಭಾನುವಾರ ನಾಲ್ಕಕ್ಕೆ ಫೆರಿ ಹತ್ತುತ್ತಿತ್ತು. ಚೀಟಿಗಳು ಉದ್ದವಾದವು. 'ಬೆಳಿಗ್ಗೆ ಅರ್ಧ ಕಿಲೋಮೀಟರ್ ನಡೆದಳು. ಒಸಡು ಗುಲಾಬಿ ಇದೆ. ಫ್ರಿಟ್ಜ್ ಸಾಸೇಜ್ ಬಿಟ್ಟು ಬೇರೇನೂ ಬೇಡ ಅಂತಾಳೆ, ಕೊಡ್ತಿದ್ದೇನೆ.' ಕೊರಲಿ ಆ ಚೀಟಿಯ ಕೆಳಗೆ 'ನಾನೂ' ಎಂದಷ್ಟೇ ಬರೆದು ವಾಪಸು ಕಳಿಸಿದಳು.

ಮೇ ತಿಂಗಳ ನಡುವೆ ಒಂದು ಭಾನುವಾರ ಡಾಟಿ ಇಳಿಯಲು ತಡಮಾಡಿತು. ಫೆರಿಯ ತಗಡಿನ ಇಳಿಜಾರಿನಲ್ಲಿ ನಿಂತು, ಯೋಚಿಸಿ, ಒಂದೊಂದೇ ಕಾಲಿಟ್ಟು ಬಂತು. ಚೀಟಿಯಲ್ಲಿ 'ಎಲ್ಲ ಸರಿಯಾಗಿದೆ' ಎಂದಿತ್ತು. ಸ್ಟಾವ್ ತನ್ನ ಕೋಣೆಯಿಂದ ಇಳಿದು ಬಂದ.

"ಗುರುವಾರಕ್ಕಿಂತ ಈಗ ವಾಸಿ ಬಿಡು," ಎಂದ ಅವನು. "ಅವತ್ತು ನೆವಿಲ್ ಇವಳನ್ನ ಮಗು ಥರ ಎತ್ಕೊಂಡು ಕಾರಿಗೆ ಹಾಕ್ತಿದ್ದ. ಡಾಕ್ಟರ್ ಏನಂದ್ರು?"

ಕೊರಲಿ ಡಾಟಿಯನ್ನು ಎತ್ತಿಕೊಂಡು ಫೆರಿಗೇ ಹತ್ತಿದಳು. "ಆಚೆ ಬಿಡು ನನ್ನನ್ನ."

ಸ್ಟಾವ್‌ಗೆ ತಾನು ಏನೋ ಹೇಳಬಾರದ್ದು ಹೇಳಿದೆ ಎಂದು ಹೊಳೆಯಿತು. ಗೇಟು ಎಳೆದ.

ನೆವಿಲ್ ಮನೆಯ ಮುಂದಿನ ಜಗಲಿಯಲ್ಲಿ ಕೂತಿದ್ದ. ನಾಯಿಯನ್ನು ಹೊತ್ತು ಬರುತ್ತಿದ್ದ ಅವಳನ್ನು ಕಂಡು ಎದ್ದು ನಿಂತ, ಆಮೇಲೆ ಮತ್ತೆ ಕೂತ.

"ಗುರುವಾರ ಏನಾಯ್ತು?"

"ಬಿದ್ಲು. ಒಂದು ಗಂಟೆ ಏಳಲಿಲ್ಲ. ಡಾಕ್ಟರ್ ಇಂಜೆಕ್ಷನ್ ಕೊಟ್ರು. ಸಂಜೆಗೆ ಎದ್ಲು."

"ಇವತ್ತು ಭಾನುವಾರ ನೆವಿಲ್. ಮೂರು ದಿನ ಆಯ್ತು."

"ಹೇಳಿದ್ರೆ ನೀನು ಅವತ್ತೇ ಮುಗಿಸಿಬಿಡ್ತಿದ್ದೆ."

"ಅದು ನಿನ್ನ ಊಹೆ. ನನಗೆ ಬಂದು ಅವಳ ಪಕ್ಕ ಕೂತ್ಕೋಬೇಕಿತ್ತು, ಅಷ್ಟೇ. ಅಮ್ಮನ ಪಕ್ಕ ಕೂರಕ್ಕೂ ಬಿಡಲಿಲ್ಲ ನೀನು. ಇವಳ ಪಕ್ಕಾನೂ ಬಿಡಲ್ಲ." ಅವಳ ದನಿ ಏರಲಿಲ್ಲ. ಅದು ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಎಲ್ಲಾರನ್ನೂ ಸಂಕಟದಿಂದ ಕಾಪಾಡೋ ದೊಡ್ಡ ಮನುಷ್ಯ."

ನೆವಿಲ್ ಕೈಗಳನ್ನು ಮೊಣಕಾಲ ಮೇಲಿಟ್ಟು ನೆಲ ನೋಡುತ್ತಿದ್ದ. ನದಿಯ ಮೇಲೆ ಬಿಳಿ ಗಿಣಿಗಳ ಹಿಂಡು ಕಿರುಚಿಕೊಂಡು ಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಅವನು ಮಾತಾಡಿದ.

"ನಿನ್ನನ್ನಲ್ಲ ಕಣೇ. ಅವತ್ತು ಶೆಡ್ಡಲ್ಲಿ ಎಂಜಿನ್ ಬಿಚ್ಚಿದೆ, ಮತ್ತೆ ಜೋಡಿಸಿದೆ, ಮತ್ತೆ ಬಿಚ್ಚಿದೆ. ಮೂರು ಸಲ ಗೇಟಿನ ತನಕ ಬಂದೆ. ಆ ಮಾತು ಹೇಳಿದಾಗ ನಿನ್ನ ಮುಖ ಹೇಗಾಗತ್ತೆ ಅಂತ ನೋಡೋ ಧೈರ್ಯ ನನಗಿರಲಿಲ್ಲ. ನಾನು ಕಾಪಾಡ್ತಾ ಇದ್ದದ್ದು ನನ್ನನ್ನೇ. ಗುರುವಾರಾನೂ ಅಷ್ಟೇ."

ಇಷ್ಟು ವರ್ಷ ಅವಳು ಅವನ ಮೇಲೆ ಹೊರಿಸಿದ್ದದ್ದೂ ಹೆಚ್ಚುಕಡಿಮೆ ಇದನ್ನೇ. ಅವನೇ ಒಪ್ಪಿಕೊಂಡಾಗ ಅವಳಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಅಷ್ಟು ಹೊತ್ತೂ ಎತ್ತಿಕೊಂಡೇ ಇದ್ದ ಡಾಟಿಯನ್ನು ಜಗಲಿಯ ಮೇಲೆ ಇಳಿಸಿದಳು. ಅದು ನೆವಿಲ್‌ನ ಬೂಟಿನ ಮೇಲೆ ಗದ್ದ ಊರಿ ಮಲಗಿತು.

"ಇನ್ನು ಇವಳು ದಾಟೋದು ಬೇಡ," ಎಂದಳು ಕೊರಲಿ. "ಇಲ್ಲೇ ಇರಲಿ. ನಾನೇ ಬರ್ತೀನಿ."

ಅಂದಿನಿಂದ ಅವಳು ದಿನವೂ ಕೆಲಸ ಮುಗಿಸಿ ಎರಡರ ಫೆರಿಗೆ ಬಂದು, ಕತ್ತಲಾಗುವ ಮೊದಲು ಹಿಂತಿರುಗುತ್ತಿದ್ದಳು. ಮೊದಲೆರಡು ದಿನ ನೆವಿಲ್ ಅವಳು ಬಂದ ಕೂಡಲೇ ಶೆಡ್ಡಿಗೆ ಹೋಗಿಬಿಡುತ್ತಿದ್ದ. ಮೂರನೆಯ ದಿನ ಟೀ ಮಾಡಿ ತಂದಿಟ್ಟ. ಸಕ್ಕರೆ ಹಾಕಿರಲಿಲ್ಲ, ಅವಳು ಹಾಕಿಕೊಳ್ಳುವುದಿಲ್ಲ ಎಂದು ಮರೆತಿರಲಿಲ್ಲ. ಇಬ್ಬರೂ ಡಾಟಿಯ ಎರಡು ಪಕ್ಕ ಕೂತು ನದಿ ನೋಡುತ್ತಿದ್ದರು. ಮಾತು ಬಂದರೆ ಡಾಟಿಯ ಮಾತೇ. ಮರಿಯಿದ್ದಾಗ ಪಾದ್ರಿಯ ಹ್ಯಾಟನ್ನು ಹೂತಿಟ್ಟದ್ದು, ಪೆಲಿಕನ್ ಹಿಂದೆ ನೀರಿಗೆ ಹಾರಿ ತಾನೇ ಬೆಚ್ಚಿ ವಾಪಸು ಬಂದದ್ದು.

"ದಿನ ಬಂತು ಅಂತ ಹೇಗೆ ಗೊತ್ತಾಗತ್ತೆ?" ಎಂದು ಅವನು ಒಮ್ಮೆ ಕೇಳಿದ.

"ಫ್ರಿಟ್ಜ್ ಬೇಡ ಅಂದ ದಿನ."

"ಅದು ಆಗೋದಿಲ್ಲ ಬಿಡು. ಸತ್ತ ಮೇಲೂ ತಿಂತಾಳೆ ಇವಳು."

ಅವಳಿಗೆ ನಗು ಬಂತು. ಅವನೂ ನಕ್ಕ. ಡಾಟಿ ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು.

ಜೂನ್ ಎರಡನೆಯ ವಾರ ಬೆಳಿಗ್ಗೆ ಆರೂವರೆಗೆ ಕೊರಲಿಯ ಫೋನ್ ಹೊಡೆದುಕೊಂಡಿತು.

"ಕೊರಲಿ." ಅವನ ಉಸಿರು ಕೇಳಿಸುತ್ತಿತ್ತು. "ಇವತ್ತೇ. ಫ್ರಿಟ್ಜ್ ಮೂಸಿ ಮುಖ ತಿರುಗಿಸಿದ್ಲು. ಒಸಡು ಬೆಳ್ಳಗಾಗಿದೆ. ಡಾಕ್ಟರ್‌ಗಿನ್ನೂ ಹೇಳಿಲ್ಲ, ಮೊದಲು ನಿನಗೇ ಹೇಳ್ತಿದೀನಿ. ಬಾ."

"ಬಂದೆ," ಎಂದಳು.

ಬಾಗಿಲು ತೆಗೆದರೆ ಮುಂದೆ ಏನೂ ಇರಲಿಲ್ಲ. ಮಂಜು. ಅವಳ ಬೇಲಿಯೇ ಅವಳಿಗೆ ಕಾಣುತ್ತಿರಲಿಲ್ಲ. ನೆನಪಿನ ಮೇಲೆ ನಡೆದು ಫೆರಿಯ ಕಟ್ಟೆಗೆ ಬಂದಳು. ಫೆರಿ ಆಚೆ ದಡದಲ್ಲಿತ್ತು. ಕಂಬದ ಮೇಲಿನ ಕರೆಗುಂಡಿ ಒತ್ತಿದಾಗ ಸ್ಟಾವ್‌ನ ದನಿ ಗೊರಗೊರ ಎನ್ನುತ್ತ ಬಂತು.

"ಎದುರು ದಡ ಕಾಣದೆ ಬಿಡೋ ಹಾಗಿಲ್ಲ ಕೊರಲಿ. ನಿಯಮ. ಮಂಜು ಒಂಬತ್ತಕ್ಕೋ ಹತ್ತಕ್ಕೋ ಎದ್ದೀತು."

"ಡಾಟಿ ಅಷ್ಟು ಹೊತ್ತು ಇರಲ್ಲ ಸ್ಟಾವ್."

ಸೇತುವೆ ಸುತ್ತಿಕೊಂಡು ಕಾರಿನಲ್ಲಿ ಹೋಗಬೇಕೆಂದರೆ ಬಿಸಿಲಿರುವ ದಿನವೇ ಒಂದೂವರೆ ಗಂಟೆ.

"ದೋಣಿಮನೆ ಹತ್ರ ಅಲ್ಯುಮಿನಿಯಂ ದೋಣಿ ಇದೆ," ಎಂದಳು. "ಹುಟ್ಟು ಹಾಕ್ಕೊಂಡು ಬರ್ತೀನಿ."

"ಹುಚ್ಚು ನಿನಗೆ. ದಿಕ್ಕು ತಪ್ಪಿದ್ರೆ ಕೆಳಗಡೆ ಎಲ್ಲೋ ಹೋಗಿ ಸಿಕ್ಕೊಳ್ತೀಯ."

"ನೀನು ಫೆರಿ ಹಾರ್ನ್ ಹೊಡೀತಾ ಇರು."

"ಲೈಫ್ ಜಾಕೆಟ್ ಹಾಕ್ಕೋ," ಎಂದ ಸ್ಟಾವ್. "ಅರ್ಧ ನಿಮಿಷಕ್ಕೊಂದು ಸಲ ಹೊಡೀತೀನಿ. ಸದ್ದು ಕೇಳೋ ತನಕ ಹುಟ್ಟು ಹಾಕಬೇಡ."

ಅರವತ್ತೊಂದು ವರ್ಷದ ಕೊರಲಿ ದೋಣಿಯನ್ನು ನೀರಿಗೆ ತಳ್ಳಿ ಕೂತಳು. ದಡ ಎರಡೇ ಎಳೆತಕ್ಕೆ ಮಾಯವಾಯಿತು. ಮೇಲೂ ಕೆಳಗೂ ಒಂದೇ ಬಿಳುಪು. ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಲೋಕದಲ್ಲಿ ಬೇರೇನೂ ಉಳಿದಿಲ್ಲವೇನೋ ಎನ್ನುವ ಹಾಗಿತ್ತು. ಹಾರ್ನ್ ಕೇಳಿಸಿತು, ಅವಳು ಅತ್ತ ತಿರುಗಿಸಿ ಹತ್ತು ಸಲ ಎಳೆದಳು, ನಿಂತಳು, ಮತ್ತೆ ಹಾರ್ನಿಗೆ ಕಾದಳು. ನಡುನೀರಿನಲ್ಲಿ ಒಂದು ಸಲ ಸದ್ದು ಎಡದಿಂದಲೂ ಬಲದಿಂದಲೂ ಬಂದಂತಾಗಿ ಅವಳಿಗೆ ದಿಕ್ಕೇ ತೋಚಲಿಲ್ಲ. ಹರಿವು ತನ್ನನ್ನು ಕೆಳಗೆ ಒಯ್ಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಹುಟ್ಟು ಎತ್ತಿ ಹಿಡಿದು ಕಣ್ಣು ಮುಚ್ಚಿ ಕೂತಳು. ಆಗ ಹಾರ್ನಿನ ಜೊತೆಗೆ ಇನ್ನೊಂದು ಸದ್ದು ಕೇಳಿತು, ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಬಿಟ್ಟೂ ಬಿಡದೆ. ನಡುನಡುವೆ ಒಂದು ಕೂಗು.

"ಕೊರಲೀ. ಈ ಕಡೆ. ಈ ಕಡೆ."

ಫೆರಿಯ ಕಟ್ಟೆಯ ಕೆಳಗಡೆ, ನೀರಿಗೆ ಮೊಣಕಾಲ ತನಕ ಇಳಿದು, ನೆವಿಲ್ ಸ್ಪ್ಯಾನರಿನಿಂದ ಕಬ್ಬಿಣದ ಕಂಬಕ್ಕೆ ಬಡಿಯುತ್ತಿದ್ದ. ಅವಳ ದೋಣಿಯ ಮೂತಿ ಮಂಜಿನಿಂದ ಹೊರಬಂದಾಗ ಅವನು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

"ಇದ್ದಾಳಾ?"

"ಇದ್ದಾಳೆ. ಈಗ ಸ್ಟಾವ್ ಕೂತಿದಾನೆ ಪಕ್ಕದಲ್ಲಿ, ಕೋಣೇಲಿ. ಇಲ್ಲಿಗೇ ಎತ್ಕೊಂಡು ಬಂದೆ. ಒಬ್ಬಳನ್ನೇ ಬಿಡೋದು ಹೇಗೆ."

ಫೆರಿಯ ಕೋಣೆಯಲ್ಲಿ, ಕಂಬಳಿಯ ಮೇಲೆ ಡಾಟಿ ಮಲಗಿತ್ತು. ಸ್ಟಾವ್ ಒಂದು ಕೈಯಲ್ಲಿ ಹಾರ್ನಿನ ಗುಂಡಿ ಒತ್ತುತ್ತ, ಇನ್ನೊಂದು ಕೈಯನ್ನು ಅದರ ಬೆನ್ನ ಮೇಲಿಟ್ಟಿದ್ದ. ಕೊರಲಿಯನ್ನು ಕಂಡು ಅದು ತಲೆ ಎತ್ತಲಿಲ್ಲ, ಕಣ್ಣು ಮಾತ್ರ ಹೊರಳಿಸಿತು. ಅವಳು ನೆಲದ ಮೇಲೆ ಕೂತು ಅದರ ತಲೆಯನ್ನು ತೊಡೆಗೆ ಎಳೆದುಕೊಂಡಳು.

ನೆವಿಲ್ ಫೋನ್ ಮಾಡಿ ಕರೆಸಿದ ಡಾಕ್ಟರ್ ತ್ರಾನ್ ಮಂಜಿನಲ್ಲಿ ಕಾರನ್ನು ತೆವಳಿಸಿಕೊಂಡು ಎಂಟೂಕಾಲಿಗೆ ಬಂದಳು. ಅದುವರೆಗೆ ಆ ಪುಟ್ಟ ಕೋಣೆಯಲ್ಲಿ ಮೂವರೂ ಡಾಟಿಯ ಸುತ್ತ ಕೂತಿದ್ದರು. ಮನೆಗೆ ಒಯ್ಯೋಣವೇ ಎಂದು ಡಾಕ್ಟರ್ ಕೇಳಿದಳು. ನೆವಿಲ್ ಕೊರಲಿಯ ಕಡೆ ನೋಡಿದ.

"ನೀನು ಹೇಳು," ಎಂದಳು ಅವಳು.

"ಇಲ್ಲೇ," ಎಂದ ಅವನು. "ಎತ್ತಿದ್ರೆ ನೋವಾಗತ್ತೆ. ಈಗಲೇ ಮಾಡಿ."

ಡಾಕ್ಟರ್ ಮುಂಗಾಲಿನ ಕೂದಲನ್ನು ಸ್ವಲ್ಪ ಬೋಳಿಸಿದಳು. ಮೊದಲು ಮಂಪರು ಬರಿಸುವ ಸೂಜಿ, ಆಮೇಲೆ ಇನ್ನೊಂದು. ನೆವಿಲ್ ಅದರ ಕಿವಿಯ ಬುಡವನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದ. ಕೊರಲಿ ಅದರ ಎದೆಯ ಮೇಲೆ ಅಂಗೈ ಇಟ್ಟಿದ್ದಳು. ಅಂಗೈ ಕೆಳಗೆ ಬಡಿತ ನಿಧಾನವಾಯಿತು, ಇನ್ನೊಂದು ಬರುತ್ತದೆಂದು ಅವಳು ಕಾದಳು, ಬರಲಿಲ್ಲ. ಡಾಕ್ಟರ್ ಕೊಳವೆ ಇಟ್ಟು ಆಲಿಸಿ, "ಹೋದಳು," ಎಂದು ಹೇಳಿದಳು. ಸ್ಟಾವ್ ಹೊರಗೆ ಹೋಗಿ ಕಂಬಿ ಹಿಡಿದು, ಕಾಣದ ನದಿಗೆ ಮುಖ ಮಾಡಿ ನಿಂತ.

ಗುಂಡಿ ತೋಡಿದ್ದು ನೆವಿಲ್‌ನ ಮನೆಯ ಹಿಂದೆ, ಕ್ವಿನ್ಸ್ ಹಣ್ಣಿನ ಮರದ ಪಕ್ಕದಲ್ಲಿ. ಒಂದು ಅಡಿಗೇ ಸುಣ್ಣಕಲ್ಲು ಸಿಕ್ಕಿತು. ಅವನು ಹಾರೆಯಿಂದ ಮೀಟಿದ, ಅವಳು ಕಲ್ಲು ಎತ್ತಿ ಹಾಕಿದಳು. ಅವನಿಗೆ ದಮ್ಮು ಹತ್ತಿದಾಗ ಅವಳು ಹಾರೆ ಹಿಡಿದಳು. ಮಂಜು ಕರಗಿ ಬಿಸಿಲು ಬಂತು, ಬಿಸಿಲು ಇಳಿಯಿತು. ಕಂಬಳಿಯಲ್ಲಿ ಸುತ್ತಿದ ಡಾಟಿಯನ್ನು ಇಬ್ಬರೂ ಎರಡು ಕಡೆ ಹಿಡಿದು ಇಳಿಸುವಾಗ, "ನಿಧಾನ," ಎಂದ ಅವನು. "ಹ್ಞೂಂ," ಎಂದಳು ಅವಳು.

ಸಂಜೆ ಫೆರಿಯಲ್ಲಿ ಅವಳೊಬ್ಬಳೇ. ಸ್ಟಾವ್ ನೀರಿನ ಬೋಗುಣಿಯನ್ನು ಕೈಯಲ್ಲಿ ಹಿಡಿದು ಬಂದ.

"ಇದನ್ನ ಏನು ಮಾಡ್ಲಿ?"

"ಅಲ್ಲೇ ಇಡು. ಬೇರೆ ನಾಯಿಗಳಿಗೂ ಬಾಯಾರತ್ತೆ."

ಕೊರಲಿ ಅಳಲಿಲ್ಲ. ಮನೆಗೆ ಹೋಗಿ ಡಾಟಿಯ ಹಾಸಿಗೆ, ತಟ್ಟೆ, ಹಲ್ಲಿನ ಗುರುತಿದ್ದ ಚೆಂಡು ಎಲ್ಲವನ್ನೂ ಒಂದು ಪೆಟ್ಟಿಗೆಗೆ ತುಂಬಿ ಬೀರುವಿನ ಮೇಲಿಟ್ಟಳು. ಮರುದಿನ ಕೆಲಸಕ್ಕೆ ಹೋದಳು. ಅಂಗಡಿಯಲ್ಲಿ ಜನ ಕೈ ಹಿಡಿದು ಮಾತಾಡಿಸಿದರು. ಒಬ್ಬಾಕೆ, "ನಾಯಿ ತಾನೇ, ಇನ್ನೊಂದು ಮರಿ ತಂದ್ರಾಯ್ತು," ಎಂದಳು. ಕೊರಲಿ ಹಾಲಿನ ಡಬ್ಬಿ ತೆಗೆದುಕೊಂಡು ಹೊರಗೆ ಬಂದಳು. ಹನ್ನೊಂದು ದಿನ ಹೀಗೆ ಕಳೆಯಿತು. ತಾನು ಇಷ್ಟು ಗಟ್ಟಿಯೇ ಎಂದು ಅವಳಿಗೇ ಒಂಥರಾ ನಾಚಿಕೆಯಾಗುತ್ತಿತ್ತು.

ಹನ್ನೆರಡನೆಯ ದಿನ ಒಂದು ದೋಣಿಮನೆ ತೊಳೆಯಲು ಬಂತು. ಬಾಡಿಗೆಗೆ ಹಿಡಿದಿದ್ದವರು ಗುಟ್ಟಾಗಿ ನಾಯಿ ತಂದಿದ್ದರೆಂದು ಕಾಣುತ್ತದೆ. ಮಂಚದ ಕೆಳಗಿನ ಚಾಪೆ ಎಳೆದಾಗ ಒದ್ದೆ ನಾಯಿಯ ವಾಸನೆ ಒಮ್ಮೆಲೇ ಮೂಗಿಗೆ ಹೊಡೆಯಿತು. ಅವಳು ಚಾಪೆಯನ್ನು ಒಗೆಯುವ ಬುಟ್ಟಿಗೆ ಹಾಕಲು ಹೋದವಳು, ಹಾಕಲಿಲ್ಲ. ಅದನ್ನು ಮುಖಕ್ಕೆ ಒತ್ತಿಕೊಂಡು ಆ ಇಕ್ಕಟ್ಟಾದ ಕೋಣೆಯ ನೆಲದ ಮೇಲೆ ಕೂತಳು. ಡಾಟಿಗಾಗಿ ಅತ್ತಳು, ತಾಯಿಗಾಗಿ ಅತ್ತಳು, ಯಾವುದು ಯಾರಿಗೆಂದು ಗೊತ್ತಾಗದೆಯೂ ಅತ್ತಳು. ಆ ದಿನ ಆ ದೋಣಿಮನೆ ಎರಡು ಗಂಟೆ ತಡವಾಗಿ ಅಣಿಯಾಯಿತು.

ಮುಂದಿನ ಬುಧವಾರ ಬಾಗಿಲು ಬಡಿದ ಸದ್ದಾಯಿತು. ನೆವಿಲ್, ಕೈಯಲ್ಲಿ ಪ್ಲಾಸ್ಟಿಕ್ ಟಬ್ಬಿನ ತುಂಬ ಕ್ವಿನ್ಸ್ ಹಣ್ಣು. ಕೊನೆಯ ಕೊಯ್ಲು, ಕೆಲವಕ್ಕೆ ಹಕ್ಕಿ ಕುಕ್ಕಿತ್ತು. ಒಂಬತ್ತು ವರ್ಷದಲ್ಲಿ ಅವನು ಅವಳ ಮನೆಗೆ ಬಂದದ್ದು ಇದೇ ಮೊದಲು.

"ಮನೆ ಯಾವುದು ಅಂತ ಸ್ಟಾವ್‌ನ ಕೇಳ್ಕೊಂಡು ಬಂದೆ," ಎಂದ. "ಇಷ್ಟೊಂದು ಬಿಟ್ಟಿದೆ. ನಾನೊಬ್ಬ ಏನು ಮಾಡ್ಲಿ."

ಅವಳು ದಾರಿ ಬಿಟ್ಟಳು. ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ಸುತ್ತ ನೋಡಿದ. ಏನು ಹುಡುಕುತ್ತಿದ್ದಾನೆಂದು ಅವಳಿಗೆ ಅರ್ಥವಾಯಿತು.

"ಪೆಟ್ಟಿಗೇಲಿ ಹಾಕಿಟ್ಟಿದೀನಿ," ಎಂದಳು.

"ನನ್ನ ಮನೇಲಿ ಹಾಸಿಗೆ ಇದ್ದಲ್ಲೇ ಇದೆ. ದಾಟ್ಕೊಂಡು ಓಡಾಡ್ತಿದೀನಿ."

ಹಣ್ಣು ಗಟ್ಟಿ, ಬೇಯಿಸದೆ ತಿನ್ನಲಾಗದು. ಅವನು ಕುಯ್ದು ಬೀಜ ತೆಗೆದ, ಅವಳು ಪಾತ್ರೆಗೆ ಹಾಕಿ ಸಕ್ಕರೆ ಸುರಿದಳು. ಒಲೆಯ ಮೇಲೆ ಅದು ಮೆಲ್ಲಗೆ ಕುದಿಯತೊಡಗಿತು.

"ಮೊನ್ನೆ ಕಸಾಯಿ ಅಂಗಡೀಲಿ ಅಭ್ಯಾಸಬಲದಿಂದ ಫ್ರಿಟ್ಜ್ ಕೇಳಿಬಿಟ್ಟೆ," ಎಂದ ಅವನು. "ಅವನು ಸುತ್ತಿ ಕೊಟ್ಟ. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಕಾರಲ್ಲಿ ಕೂತು ಅಷ್ಟನ್ನೂ ತಿಂದೆ."

"ನಿನಗೆ ಫ್ರಿಟ್ಜ್ ಸೇರಲ್ವಲ್ಲೋ."

"ಸೇರಲ್ಲ. ಹೊಟ್ಟೆ ಕೆಟ್ಟುಹೋಯ್ತು."

ಅವಳು ನಕ್ಕಳು. ಅವನೂ ನಗಲು ಹೋದ, ಆದರೆ ಮುಖ ಅವನ ಮಾತು ಕೇಳಲಿಲ್ಲ. ಚಾಕು ಹಿಡಿದ ಕೈ ಹಾಗೇ ಇರಲು, ಅರವತ್ತೈದರ ಆ ಮನುಷ್ಯ ಅವಳ ಎದುರಿಗೇ ಬಿಕ್ಕಿ ಅತ್ತ. ಇಪ್ಪತ್ತಾರು ವರ್ಷದಲ್ಲಿ ಅವಳು ಅವನ ಅಳು ನೋಡಿರಲಿಲ್ಲ. ಅಳುವ ಹಾಗಾದಾಗಲೆಲ್ಲ ಅವನು ಶೆಡ್ಡಿಗೆ ಹೋಗುತ್ತಿದ್ದನೆಂದು ಈಗ ತಿಳಿಯಿತು. ಅವಳು ಚಾಕುವನ್ನು ಅವನ ಕೈಯಿಂದ ಬಿಡಿಸಿ ಮೇಜಿನ ಮೇಲಿಟ್ಟಳು. ಬೆನ್ನ ಮೇಲೆ ಕೈಯಿಟ್ಟು, ಅವನು ಮುಗಿಸುವ ತನಕ ಪಕ್ಕದಲ್ಲಿ ನಿಂತಳು.

ಅವರು ಮತ್ತೆ ಒಂದಾಗಲಿಲ್ಲ. ಊರಲ್ಲಿ ಕೆಲವರು ಹಾಗಾದೀತು ಎಂದುಕೊಂಡಿದ್ದರು. ಕೊರಲಿಗೆ ಅವಳ ಮನೆಯೇ ಇಷ್ಟ, ನೆವಿಲ್‌ಗೆ ಅವನ ಶೆಡ್ಡು. ಆದರೆ ಆಗಾಗ ಫೋನ್ ಬರುತ್ತದೆ. ಆಗಸ್ಟಿನಲ್ಲಿ ಗಾಳಿಗೆ ಕ್ವಿನ್ಸ್ ಮರದ ದೊಡ್ಡ ಕೊಂಬೆ ಮುರಿದು ಸಮಾಧಿಯ ಮೇಲೆ ಬಿದ್ದಾಗ, ಅದು ಬಿದ್ದ ಐದೇ ನಿಮಿಷಕ್ಕೆ ಅವನು ಫೋನ್ ಮಾಡಿದ.

"ಕೆಟ್ಟ ಸುದ್ದಿ," ಎಂದ. "ನೀನು ಕೂತಿದೀಯಾ?"

"ನಿಂತಿದೀನಿ. ಹೇಳು."

ಅವನು ಹೇಳಿದ. ಅವಳು ಗರಗಸ ಎತ್ತಿಕೊಂಡು ಫೆರಿಯ ಕಡೆ ಹೊರಟಳು.